ನೈಟ್ರೋ ಆರ್‌ಸಿ ಕಾರಿನ ಪುಲ್ ಸ್ಟಾರ್ಟರ್ ಕೈಕೊಟ್ಟಾಗ: ಪತ್ತೆ ಹಚ್ಚಿ, ಬಿಚ್ಚಿ, ಸರಿಮಾಡುವ ಕ್ರಮ

ದಾರ ಎಳೆದರೆ ಒಂದಿಂಚೂ ಬರದೆ ಗಟ್ಟಿ ನಿಂತುಬಿಡುತ್ತದೆ. ಇಲ್ಲವೇ ಸರಾಗವಾಗಿ ಬರುತ್ತದೆ, ಆದರೆ ಎಂಜಿನ್ ತಿರುಗುವುದೇ ಇಲ್ಲ. ಅದೂ ಇಲ್ಲದಿದ್ದರೆ ಎಳೆದ ದಾರ ವಾಪಸ್ ಒಳಗೆ ಹೋಗದೆ ಹೊರಗೇ ಜೋತಾಡುತ್ತದೆ. ನೈಟ್ರೋ ಕಾರಿನ, ಅಂದರೆ ನೈಟ್ರೋ ಇಂಧನದಿಂದ ಓಡುವ ರಿಮೋಟ್ ಕಂಟ್ರೋಲ್ (ಆರ್‌ಸಿ) ಕಾರಿನ ಪುಲ್ ಸ್ಟಾರ್ಟರ್ (ದಾರ ಎಳೆದು ಎಂಜಿನ್ ಶುರುಮಾಡುವ ಭಾಗ) ಹೆಚ್ಚಾಗಿ ಕೈಕೊಡುವುದು ಈ ಮೂರು ಬಗೆಯಲ್ಲಿ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೊದಲನೆಯ ಬಗೆಯಲ್ಲಂತೂ ಬಹಳಷ್ಟು ಸಲ ಸ್ಟಾರ್ಟರ್‌ನ ತಪ್ಪೇ ಇರುವುದಿಲ್ಲ. ಎಂಜಿನ್ ಒಳಗೆ ಏನೋ ತಡೆದಿರುತ್ತದೆ. ಅದು ಗೊತ್ತಿಲ್ಲದೆ ಇನ್ನೂ ಜೋರಾಗಿ ಎಳೆದಾಗ ಚೆನ್ನಾಗಿದ್ದ ಸ್ಟಾರ್ಟರ್ ಮುರಿಯುತ್ತದೆ. ಅಂಗಡಿಯಿಂದ ಹೊಸದು ತಂದು ಹಾಕಿದರೂ ಮೂಲ ಕಾರಣ ಹಾಗೇ ಉಳಿದಿರುತ್ತದೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಐದು ನಿಮಿಷ ಪರೀಕ್ಷೆಗೆ ಕೊಡಿ ಅನ್ನೋದು ನನ್ನ ಮೊದಲ ಮತ್ತು ಮುಖ್ಯ ಮಾತು.

ಇಲ್ಲಿ ಹೇಳುವ ಕ್ರಮ 1/10 ಅಳತೆಯ ಕಾರುಗಳಲ್ಲಿ ಬರುವ .18 ಎಂಜಿನ್ನನ್ನು ಮುಂದಿಟ್ಟುಕೊಂಡು ಬರೆದದ್ದು. ಎಚ್‌ಎಸ್‌ಪಿ ಕಾರುಗಳಲ್ಲಿ ಬರುವ ಎಸ್‌ಎಚ್ .18 ಇದಕ್ಕೆ ಒಳ್ಳೆಯ ಉದಾಹರಣೆ. .18 ಅನ್ನುವುದು ಘನ ಇಂಚಿನ ಲೆಕ್ಕ, ಅಂದರೆ ಸುಮಾರು 3 ಸಿಸಿ. ಸುಮಾರು 3.5 ಸಿಸಿಯ .21, 4.6 ಸಿಸಿಯ .28 ಎಂಜಿನ್‌ಗಳಲ್ಲೂ ದಾರದ ಸ್ಟಾರ್ಟರ್ ಇದ್ದರೆ ಒಳಗಿನ ಕೆಲಸ ಹೆಚ್ಚು ಕಡಿಮೆ ಇದೇ. ಟ್ರ್ಯಾಕ್ಸಸ್‌ನ ಈಜಿ-ಸ್ಟಾರ್ಟ್ ಥರದ ಮೋಟಾರ್ ಸ್ಟಾರ್ಟರ್ ಇರುವವರಿಗೆ ದಾರ ಮತ್ತು ಸ್ಪ್ರಿಂಗ್‌ನ ಭಾಗ ಬೇಕಿಲ್ಲ. ಆದರೆ ಎಂಜಿನ್ ಜಾಮ್ ಆಗುವ ವಿಷಯ, ಒನ್-ವೇ ಬೇರಿಂಗ್‌ನ ವಿಷಯ ಅವರಿಗೂ ಬೇಕು.

ಒಳಗೆ ಏನಿದೆ

ಹೊರಗೆ ಕಾಣುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸುರುಳಿ ಸ್ಪ್ರಿಂಗ್, ಒಂದು ಪುಲ್ಲಿ, ಅದಕ್ಕೆ ಸುತ್ತಿದ ನೈಲಾನ್ ದಾರ ಇರುತ್ತವೆ. ಪುಲ್ಲಿಯ ನಡುವೆ ಒನ್-ವೇ ಬೇರಿಂಗ್. ಕೆಲವು ಎಂಜಿನ್‌ಗಳಲ್ಲಿ ಅದು ಪುಲ್ಲಿಯೊಳಗೇ ಒತ್ತಿ ಕೂರಿಸಿರುತ್ತದೆ. ಇನ್ನು ಕೆಲವದರಲ್ಲಿ ಆರು ಮೂಲೆಯ ಬೇರೆಯದೇ ಲೋಹದ ತುಂಡಾಗಿ ಬರುತ್ತದೆ. ಈ ಬೇರಿಂಗ್ ಒಳಗೆ ಸ್ಟಾರ್ಟರ್ ಶಾಫ್ಟ್ ಹೋಗುತ್ತದೆ. ಶಾಫ್ಟ್ ಎಂಜಿನ್ನಿನ ಹಿಂಬದಿ ಮುಚ್ಚಳವನ್ನು, ಅಂದರೆ ಬ್ಯಾಕ್‌ಪ್ಲೇಟನ್ನು ದಾಟಿ ಒಳಗಿನ ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ಅಚ್ಚಿನ ಪಿನ್ನಿಗೆ ಸಿಕ್ಕಿಕೊಂಡಿರುತ್ತದೆ.

ದಾರ ಎಳೆದಾಗ ಪುಲ್ಲಿ ತಿರುಗುತ್ತದೆ, ಬೇರಿಂಗ್ ಶಾಫ್ಟನ್ನು ಕಚ್ಚುತ್ತದೆ, ಶಾಫ್ಟ್ ಕ್ರ್ಯಾಂಕನ್ನು ತಿರುಗಿಸುತ್ತದೆ. ಎಂಜಿನ್ ಶುರುವಾದ ಕೂಡಲೇ ಶಾಫ್ಟ್ ಪುಲ್ಲಿಗಿಂತ ವೇಗವಾಗಿ ಓಡುತ್ತದೆ, ಬೇರಿಂಗ್ ಹಿಡಿತ ಬಿಡುತ್ತದೆ. ಸೈಕಲ್ ಫ್ರೀವೀಲ್ ಹೇಗೋ ಇದೂ ಹಾಗೇ: ಒಂದು ಕಡೆಗೆ ಹಿಡಿತ, ಇನ್ನೊಂದು ಕಡೆಗೆ ಸಲೀಸು. ದಾರವನ್ನು ವಾಪಸ್ ಸುತ್ತಿಕೊಳ್ಳುವುದಷ್ಟೇ ಸ್ಪ್ರಿಂಗ್‌ನ ಕೆಲಸ. ಎಂಜಿನ್ ತಿರುಗಿಸುವುದರಲ್ಲಿ ಅದರ ಪಾಲಿಲ್ಲ.

ಬಿಚ್ಚುವ ಮುಂಚೆ ಮಾಡುವ ಪರೀಕ್ಷೆ

ಗ್ಲೋ ಪ್ಲಗ್, ಅಂದರೆ ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್ ತೆಗೆಯಿರಿ. ಅದು ಎಂಜಿನ್ ಮೇಲಿನ ಕೂಲಿಂಗ್ ಹೆಡ್ ನಡುವೆ ಇರುತ್ತದೆ, 8 ಎಂಎಂ ಪ್ಲಗ್ ಸ್ಪ್ಯಾನರ್ ಸಾಕು. ಪ್ಲಗ್ ಕೆಳಗಿನ ತಾಮ್ರದ ವಾಷರ್ ಕಳೆದುಹೋಗದ ಹಾಗೆ ನೋಡಿಕೊಳ್ಳಿ. ಈಗ ದಾರವನ್ನು ಮೆಲ್ಲಗೆ ಎಳೆಯಿರಿ.

ಪ್ಲಗ್ ತೆಗೆದ ಮೇಲೆ ದಾರ ಸಲೀಸಾಗಿ ಬಂತು, ರಂಧ್ರದಿಂದ ಇಂಧನ ಚಿಮ್ಮಿತು ಅಂದರೆ ಸ್ಟಾರ್ಟರ್ ಚೆನ್ನಾಗಿದೆ. ಎಂಜಿನ್ ಫ್ಲಡ್ ಆಗಿದೆ ಅಷ್ಟೇ. ಪಿಸ್ಟನ್ ಮೇಲೆ ದ್ರವ ತುಂಬಿಕೊಂಡರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಆ ಹೊತ್ತಿನಲ್ಲಿ ಬಲವಂತ ಮಾಡಿದರೆ ದಾರ ಹೋಗುವುದು ಸಣ್ಣ ನಷ್ಟ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿದರೆ ಖರ್ಚು ಜಾಸ್ತಿ. ಕಾರನ್ನು ತಲೆಕೆಳಗು ಮಾಡಿ, ರಂಧ್ರದ ಕೆಳಗೆ ಹಳೆಯ ಬಟ್ಟೆ ಹಿಡಿದು, ದಾರವನ್ನು ಹತ್ತಾರು ಸಲ ಸಣ್ಣಗೆ ಎಳೆಯಿರಿ. ಇಂಧನ ಪೂರ್ತಿ ಹೊರಬರುತ್ತದೆ. ಮುಖ ದೂರವಿರಲಿ, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಪ್ಲಗ್ಗನ್ನು ಇಗ್ನೈಟರ್‌ಗೆ (ಪ್ಲಗ್ಗಿನ ತಂತಿ ಕಾಯಿಸುವ ಬ್ಯಾಟರಿ ಸಾಧನ) ಸಿಕ್ಕಿಸಿ ನೋಡಿ. ತಂತಿ ಕಿತ್ತಳೆ ಬಣ್ಣಕ್ಕೆ ಕಾದರೆ ವಾಪಸ್ ಹಾಕಿ.

ಫ್ಲಡ್ ಯಾಕಾಯಿತು ಅನ್ನೋದನ್ನೂ ಹುಡುಕಬೇಕು. ಇಂಧನ ಕಾರ್ಬ್ಯುರೇಟರಿಗೆ ಬರಲಿ ಅಂತ ಎಕ್ಸಾಸ್ಟ್ ತುದಿಗೆ ಬೆರಳಿಟ್ಟು ದಾರ ಎಳೆಯುತ್ತೇವಲ್ಲ, ಅದು ಅತಿಯಾದರೆ ಹೀಗಾಗುತ್ತದೆ. ಕೊಳವೆಯಲ್ಲಿ ಇಂಧನ ಕಾರ್ಬ್ಯುರೇಟರ್ ತಲುಪಿದ್ದು ಕಂಡ ಕೂಡಲೇ ಬೆರಳು ತೆಗೆಯಬೇಕು. ಪ್ಲಗ್ ಸುಟ್ಟಿದ್ದು ಗೊತ್ತಾಗದೆ ಎಳೆಯುತ್ತಲೇ ಹೋದರೂ ಇದೇ ಗತಿ. ಟ್ಯಾಂಕಿನಲ್ಲಿ ಇಂಧನ ಇಟ್ಟುಕೊಂಡೇ ಕಾರನ್ನು ಬೈಕಿನಲ್ಲಿ, ಬಸ್ಸಿನಲ್ಲಿ ಅಡ್ಡಡ್ಡ ಹೊತ್ತು ತಂದರೂ ಅಷ್ಟೇ.

ಪ್ಲಗ್ ತೆಗೆದರೂ ದಾರ ಬರುವುದಿಲ್ಲ ಅಂದುಕೊಳ್ಳಿ. ಈಗ ಫ್ಲೈವೀಲ್‌ಗೆ, ಅಂದರೆ ಸ್ಟಾರ್ಟರ್‌ನ ಎದುರು ತುದಿಯಲ್ಲಿ ಕ್ರ್ಯಾಂಕಿಗೆ ಕೂತಿರುವ ಭಾರದ ಚಕ್ರಕ್ಕೆ ಬೆರಳಿಟ್ಟು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಮಾಮೂಲಿ ಆರ್‌ಸಿ ಎಂಜಿನ್ ಫ್ಲೈವೀಲ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಓಡುತ್ತದೆ, ಸ್ಟಾರ್ಟರ್ ಕಡೆಯಿಂದ ನೋಡಿದರೆ ಮುಳ್ಳಿನ ದಿಕ್ಕಿಗೆ. ಹಿಂದಕ್ಕೆ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದಾಗ ಬೇರಿಂಗ್ ಹಿಡಿದುಕೊಂಡು ಪುಲ್ಲಿಯನ್ನು ಉಲ್ಟಾ ತಳ್ಳುತ್ತದೆ, ಆ ಬಲವೆಲ್ಲ ಸ್ಪ್ರಿಂಗ್ ಕೊಂಡಿಯ ಮೇಲೆ ಬೀಳುತ್ತದೆ.

ಫ್ಲೈವೀಲ್ ಆರಾಮವಾಗಿ ತಿರುಗಿ ದಾರ ಮಾತ್ರ ಬರುವುದಿಲ್ಲ ಅಂದರೆ ಅಡಚಣೆ ಸ್ಟಾರ್ಟರ್ ಡಬ್ಬಿಯೊಳಗಿದೆ. ಬಿಚ್ಚಲೇಬೇಕು. ಫ್ಲೈವೀಲೇ ತಿರುಗುವುದಿಲ್ಲ ಅಂದರೆ ತೊಂದರೆ ಎಂಜಿನ್ನಿನಲ್ಲಿದೆ, ಸ್ಟಾರ್ಟರನ್ನು ಮುಟ್ಟುವ ಅಗತ್ಯವಿಲ್ಲ.

ಹೊಸ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಎಬಿಸಿ ಅನ್ನುವ ಬಗೆಯಲ್ಲಿ ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ಕೊಳವೆ, ಅಂದರೆ ಸ್ಲೀವ್, ಕ್ರೋಮ್ ಲೇಪಿಸಿದ ಹಿತ್ತಾಳೆಯದು. ಸ್ಲೀವ್ ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುತ್ತದೆ. ಓಡುವಾಗಿನ ಬಿಸಿಗೆ ಹಿಗ್ಗಿ ಸರಿಯಾದ ಅಳತೆಗೆ ಬರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ತಣ್ಣಗಿದ್ದಾಗ ಪಿಸ್ಟನ್ ತುತ್ತತುದಿಗೆ ಹೋಗಿ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಹೇರ್ ಡ್ರೈಯರ್‌ನಿಂದ ಹೆಡ್ಡಿಗೆ ಕೆಲವು ನಿಮಿಷ ಬಿಸಿಗಾಳಿ ಬಿಡಿ, ಮುಟ್ಟಿದರೆ ಚುರುಕ್ಕನ್ನುವಷ್ಟು ಬಿಸಿಯಾಗಲಿ. ಆಮೇಲೆ ಫ್ಲೈವೀಲ್ ತಿರುಗಿಸಿದರೆ ಬಿಡುತ್ತದೆ. ಬಿಸಿಗಾಳಿ ಬಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಹೊರಗೆ ಸುರಿದ ಇಂಧನ ಒರೆಸಿ ಒಣಗಿಸುವುದನ್ನು ಮಾತ್ರ ಮರೆಯಬೇಡಿ. ಹೊಸ ಎಂಜಿನ್ನನ್ನು ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆಯೂ ಹೀಗೆ ಬಿಸಿ ಮಾಡಿಕೊಂಡರೆ ಸ್ಟಾರ್ಟರ್ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ.

ಬಿಸಿ ಮಾಡಿದರೂ ಫ್ಲೈವೀಲ್ ಅಲುಗದಿದ್ದರೆ ಬೇರಿಂಗ್ ತುಕ್ಕು ಹಿಡಿದಿರಬಹುದು, ರಾಡ್ ಮುರಿದಿರಬಹುದು. ಅದು ಎಂಜಿನ್ ಬಿಚ್ಚುವ ಕೆಲಸ, ಈ ಲೇಖನದ ಆಚೆಗಿನದು.

ಕೊನೆಯ ಪರೀಕ್ಷೆ: ದಾರ ಬರುತ್ತದೆ, ಆದರೆ ಫ್ಲೈವೀಲ್ ನಿಂತಲ್ಲೇ ನಿಂತಿದೆ. ಹೀಗಾದರೆ ಒನ್-ವೇ ಬೇರಿಂಗ್ ಸ್ಲಿಪ್ ಆಗುತ್ತಿದೆ. ಅಪರೂಪಕ್ಕೆ ಶಾಫ್ಟ್ ಕ್ರ್ಯಾಂಕ್ ಪಿನ್ನಿಗೆ ಸಿಕ್ಕುವ ಜಾಗ ಮುರಿದಿದ್ದರೂ ಹೀಗೇ ಆಗುತ್ತದೆ.

ಬೇಕಾದ ಸಾಮಾನು

ಒಳ್ಳೆಯ ಅಲೆನ್ ಕೀ ಸೆಟ್ ಮುಖ್ಯ. ಸ್ಟಾರ್ಟರ್ ಸ್ಕ್ರೂಗಳು ಎಂಜಿನ್ ನೋಡಿಕೊಂಡು 2 ಅಥವಾ 2.5 ಎಂಎಂ ಅಲೆನ್‌ನವು ಇರಬಹುದು, ಪ್ಲಸ್ ತಲೆಯವೂ ಇರಬಹುದು. ಮೂಲೆ ಸವೆದ ಕೀ ಹಾಕಿದರೆ ಸ್ಕ್ರೂ ತಲೆ ಕೆಡುತ್ತದೆ, ಆಮೇಲೆ ಅದನ್ನು ತೆಗೆಯುವುದೇ ಬೇರೆ ರಾಮಾಯಣ. ಇದರ ಜೊತೆಗೆ ನೋಸ್ ಪ್ಲೈಯರ್, ಹಳೆಯ ಟೂತ್‌ಬ್ರಶ್, ಐಸೊಪ್ರೊಪೈಲ್ ಆಲ್ಕೋಹಾಲ್, ಹೊಲಿಗೆ ಮಿಷಿನ್ ಎಣ್ಣೆ, ಸ್ವಲ್ಪ ಗ್ರೀಸ್, ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು), ಕನ್ನಡಕ ಮತ್ತು ನೈಟ್ರೈಲ್ ಕೈಗವಸು.

ಕೈಗವಸು ಅಲಂಕಾರಕ್ಕಲ್ಲ. ನೈಟ್ರೋ ಇಂಧನದಲ್ಲಿ ನೈಟ್ರೋಮೀಥೇನ್ ಮತ್ತು ಎಣ್ಣೆಯ ಜೊತೆ ಹೆಚ್ಚಿನ ಪಾಲು ಇರುವುದು ಮೆಥನಾಲ್. ಅದು ವಿಷ. ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಹೊತ್ತಿಕೊಂಡರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಗಾಳಿಯಾಡುವ ಜಾಗದಲ್ಲಿ ಕೂತು ಕೆಲಸ ಮಾಡಿ, ಇಂಧನದ ಡಬ್ಬಿ ಮುಚ್ಚಿ ದೂರ ಇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹತ್ತಿರ ಬಿಡಬೇಡಿ.

ಸ್ಟಾರ್ಟರ್ ಹೊರತೆಗೆಯುವುದು

ಮೊದಲು ಹೊರಗಿನ ಕೊಳೆ ತೆಗೆಯಿರಿ. ಈ ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಎಣ್ಣೆಗೆ ಮೆತ್ತಿಕೊಂಡ ಮಣ್ಣು, ಮರಳು ಸ್ಟಾರ್ಟರ್ ಸುತ್ತಲೂ ಗಟ್ಟಿಯಾಗಿ ಕೂತಿರುತ್ತದೆ. ಬ್ಯಾಕ್‌ಪ್ಲೇಟ್ ಸರಿದ ಕ್ಷಣ ಅದು ಕ್ರ್ಯಾಂಕ್‌ಕೇಸ್ ಒಳಗೆ ಬಿದ್ದರೆ ಬೇರಿಂಗ್, ಸ್ಲೀವ್ ಎರಡನ್ನೂ ತಿಂದುಹಾಕುತ್ತದೆ. ಬ್ರಶ್ಶಿಗೆ ಆಲ್ಕೋಹಾಲ್ ಹಚ್ಚಿ ಚೆನ್ನಾಗಿ ಉಜ್ಜಿ. ಕಾರ್ಬ್ಯುರೇಟರ್ ಬಾಯಿಗೆ, ಎಕ್ಸಾಸ್ಟ್‌ಗೆ ಬಟ್ಟೆ ತುರುಕಿರಿ.

ಕೆಲವು ಕಾರುಗಳಲ್ಲಿ ಎಂಜಿನ್ ಇದ್ದಲ್ಲೇ ಸ್ಟಾರ್ಟರ್ ಬಿಚ್ಚಬಹುದು. ಜಾಗ ಸಾಲದಿದ್ದರೆ ಒದ್ದಾಡಬೇಡಿ. ಚಾಸಿ ಕೆಳಗಿನಿಂದ ಎಂಜಿನ್ ಮೌಂಟ್ ಸ್ಕ್ರೂ ಬಿಚ್ಚಿ, ಇಂಧನದ ಕೊಳವೆ, ಥ್ರಾಟಲ್ ಕಡ್ಡಿ, ಎಕ್ಸಾಸ್ಟ್ ಕಳಚಿ ಎಂಜಿನ್ನನ್ನೇ ಹೊರಗೆ ತೆಗೆಯಿರಿ. ಮೇಜಿನ ಮೇಲಿಟ್ಟು ಮಾಡುವ ಕೆಲಸ ಸಲೀಸು.

ಸ್ಟಾರ್ಟರ್ ಡಬ್ಬಿ ಎಂಜಿನ್ ಮೇಲೆ ಯಾವ ಕೋನದಲ್ಲಿ ಕೂತಿದೆ, ದಾರ ಯಾವ ಕಡೆ ಹೊರಬರುತ್ತದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದೆ ಪ್ರತಿ ಹಂತದಲ್ಲೂ ಒಂದು ಫೋಟೋ ಇರಲಿ. ನಾಲ್ಕು ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಚ್ಚದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಇಲ್ಲೊಂದು ವ್ಯತ್ಯಾಸ ನೋಡಿಕೊಳ್ಳಬೇಕು. ಕೆಲವು ಎಂಜಿನ್‌ಗಳಲ್ಲಿ ಸ್ಟಾರ್ಟರ್‌ಗೇ ಬೇರೆ ಸ್ಕ್ರೂ, ಬ್ಯಾಕ್‌ಪ್ಲೇಟ್‌ಗೇ ಬೇರೆ. ಇನ್ನು ಕೆಲವದರಲ್ಲಿ ಅದೇ ಉದ್ದನೆಯ ನಾಲ್ಕು ಸ್ಕ್ರೂಗಳು ಎರಡನ್ನೂ ಹಿಡಿದಿರುತ್ತವೆ. ಎರಡನೆಯ ಬಗೆಯದಾದರೆ ಡಬ್ಬಿ ತೆಗೆಯುವಾಗ ಬ್ಯಾಕ್‌ಪ್ಲೇಟನ್ನು ಬೆರಳಿಂದ ಒತ್ತಿ ಹಿಡಿದಿರಿ. ಅದು ಹೊರಬಂದರೆ ಒಳಗಿನ ಓ-ರಿಂಗ್ ಅಥವಾ ಗ್ಯಾಸ್ಕೆಟ್ ಹರಿದಿದೆಯಾ ನೋಡಿ. ಹರಿದಿದ್ದರೆ ಹೊಸದೇ ಹಾಕಬೇಕು. ಅಲ್ಲಿ ಗಾಳಿ ಸೋರಿದರೆ ಮಿಶ್ರಣ ಲೀನ್ ಆಗಿ, ಅಂದರೆ ಗಾಳಿ ಜಾಸ್ತಿ ಇಂಧನ ಕಡಿಮೆಯಾಗಿ, ಎಂಜಿನ್ ಕಾಯುತ್ತದೆ.

ದಾರ ತುಂಡಾಗಿದ್ದರೆ

ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಪುಲ್ಲಿ ಮೇಲೆ ಹೆಬ್ಬೆರಳು ಒತ್ತಿಕೊಳ್ಳಿ. ಪುಲ್ಲಿಯ ಕೆಳಗೆ ಸ್ಪ್ರಿಂಗ್ ಇದೆ, ಪುಲ್ಲಿ ಎತ್ತಿದರೆ ಅದು ಚಂಗನೆ ಹಾರುತ್ತದೆ. ತೆಳ್ಳಗಿನ ಉಕ್ಕಿನ ಪಟ್ಟಿ, ಅಂಚು ಚೂಪು. ಕಣ್ಣಿಗೆ ಕನ್ನಡಕ ಇಲ್ಲದೆ ಈ ಹಂತಕ್ಕೆ ಕೈಹಾಕಬೇಡಿ. ದಾರ ಬದಲಿಸಲು ಬಹಳಷ್ಟು ಸ್ಟಾರ್ಟರ್‌ಗಳಲ್ಲಿ ಪುಲ್ಲಿ ಎತ್ತುವ ಅಗತ್ಯವೂ ಇರುವುದಿಲ್ಲ.

ಹಳೆಯ ದಾರದ ಎರಡೂ ತುಂಡು ತೆಗೆದು ಒಟ್ಟು ಉದ್ದ ಅಳೆಯಿರಿ. ಹೊಸದನ್ನು ಅಷ್ಟೇ ಉದ್ದಕ್ಕೆ, ಗಂಟಿಗೆ ಬೇಕಾದಷ್ಟು ಸೇರಿಸಿ ಕತ್ತರಿಸಿ. ಹೆಣೆದ ನೈಲಾನ್ ದಾರವೇ ಬೇಕು, ದಪ್ಪ ಹಳೆಯದರಷ್ಟೇ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಹೋಗುವಾಗ ಹಳೆಯ ತುಂಡು ಜೇಬಿನಲ್ಲಿರಲಿ. ಹುಲ್ಲು ಕತ್ತರಿಸುವ ಮಿಷಿನ್‌ಗೆ ಹಾಕುವ ದಾರ ಗಟ್ಟಿಮುಟ್ಟಾಗಿದೆ ಅಂತ ಹಾಕಲು ಹೋದರೆ ಈ ಚಿಕ್ಕ ಪುಲ್ಲಿಯಲ್ಲಿ ಹಿಡಿಸುವುದಿಲ್ಲ, ಬದಿಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಹತ್ತಿಯ ದಾರವೂ ಬೇಡ. ಎರಡೂ ತುದಿಗಳನ್ನು ಲೈಟರ್‌ನಿಂದ ಕರಗಿಸಿ ಗಟ್ಟಿ ಮಾಡಿಕೊಳ್ಳಿ. ಇದನ್ನು ಎಂಜಿನ್, ಇಂಧನ, ಆಲ್ಕೋಹಾಲ್ ಇರುವ ಮೇಜಿನಿಂದ ದೂರ, ಬೇರೆ ಕೋಣೆಯಲ್ಲೇ ಮಾಡಿ.

ಈಗ ಪುಲ್ಲಿಯನ್ನು ದಾರ ಎಳೆದಾಗ ತಿರುಗುವ ದಿಕ್ಕಿಗೇ ಬೆರಳಿಂದ ತಿರುಗಿಸುತ್ತಾ ಹೋಗಿ. ಸುತ್ತು ಸುತ್ತಿಗೂ ಸ್ಪ್ರಿಂಗ್ ಬಿಗಿಯಾಗುವುದು ಕೈಗೆ ಗೊತ್ತಾಗುತ್ತದೆ. ಇನ್ನು ತಿರುಗುವುದಿಲ್ಲ ಅನ್ನುವಲ್ಲಿ ನಿಲ್ಲಿಸಿ, ಬಲ ಹಾಕಬೇಡಿ. ಅಲ್ಲಿಂದ ಸುಮಾರು ಒಂದು ಸುತ್ತು ವಾಪಸ್ ಬಿಡಿ, ಪುಲ್ಲಿಯ ತೂತು ಡಬ್ಬಿಯ ತೂತಿಗೆ ನೇರವಾಗಿ ಬರುವ ಹಾಗೆ ನಿಲ್ಲಿಸಿ. ಹೀಗೆ ಒಂದು ಸುತ್ತು ಬಿಡುವುದಕ್ಕೆ ಕಾರಣವಿದೆ. ದಾರ ಪೂರ್ತಿ ಹೊರಬಂದಾಗಲೂ ಸ್ಪ್ರಿಂಗ್‌ಗೆ ಇನ್ನೂ ಸ್ವಲ್ಪ ಜಾಗ ಉಳಿದಿರಬೇಕು. ಇಲ್ಲವಾದರೆ ನಿಮ್ಮ ಎಳೆತವೆಲ್ಲ ಸ್ಪ್ರಿಂಗ್‌ನ ಕೊಂಡಿಗೇ ಬಿದ್ದು ಅದು ಕಿತ್ತುಬರುತ್ತದೆ.

ಪುಲ್ಲಿ ಜಾರದ ಹಾಗೆ ಒಬ್ಬರು ಒತ್ತಿ ಹಿಡಿದುಕೊಂಡರೆ ಇನ್ನೊಬ್ಬರು ದಾರ ತೂರಿಸಬಹುದು. ಒಬ್ಬರೇ ಇದ್ದರೆ ಪುಲ್ಲಿ ಮತ್ತು ಡಬ್ಬಿಯ ನಡುವೆ ಚಿಕ್ಕ ಮರದ ಕಡ್ಡಿ ಸಿಕ್ಕಿಸಿ. ದಾರವನ್ನು ಹೊರಗಿನ ತೂತಿನಿಂದ ಒಳಕ್ಕೆ, ಅಲ್ಲಿಂದ ಪುಲ್ಲಿಯ ತೂತಿಗೆ ತೂರಿಸಿ ತುದಿಗೆ ಗಂಟು ಹಾಕಿ. ಗಂಟು ಪುಲ್ಲಿಯ ಗುಳಿಯೊಳಗೆ ಪೂರ್ತಿ ಕೂರಬೇಕು, ಮೇಲೆ ಎದ್ದು ನಿಂತರೆ ಬ್ಯಾಕ್‌ಪ್ಲೇಟ್‌ಗೆ ಉಜ್ಜುತ್ತದೆ. ನೋಸ್ ಪ್ಲೈಯರ್‌ನಿಂದ ಗಂಟನ್ನು ಬಿಗಿಯಾಗಿ ಎಳೆಯಿರಿ. ಇನ್ನೊಂದು ತುದಿಗೆ ಹ್ಯಾಂಡಲ್ ಕಟ್ಟಿ. ಆಮೇಲೆ ಕಡ್ಡಿ ತೆಗೆದು, ದಾರ ಹಿಡಿದುಕೊಂಡೇ ಪುಲ್ಲಿ ಮೆಲ್ಲಗೆ ಸುತ್ತಿಕೊಳ್ಳಲು ಬಿಡಿ. ಪಟ್ ಅಂತ ಬಿಟ್ಟುಬಿಟ್ಟರೆ ದಾರ ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿಕೊಳ್ಳುತ್ತದೆ.

ಹ್ಯಾಂಡಲ್ ಡಬ್ಬಿಗೆ ಬಂದು ತಾಗಿದಾಗ ಇನ್ನೂ ಸ್ವಲ್ಪ ಎಳೆತ ಉಳಿದಿರಬೇಕು. ಹ್ಯಾಂಡಲ್ ಜೋತಾಡುತ್ತಿದ್ದರೆ ಸ್ಪ್ರಿಂಗ್‌ಗೆ ಇನ್ನೊಂದು ಸುತ್ತು ಬೇಕು ಅಂತ ಅರ್ಥ. ದಾರವನ್ನು ಪೂರ್ತಿ ಹೊರಕ್ಕೆ ಎಳೆದು ನೋಡಿ, ಆಗಲೂ ಪುಲ್ಲಿ ಅರ್ಧ ಸುತ್ತಾದರೂ ಮುಂದಕ್ಕೆ ಹೋಗುವಂತಿರಬೇಕು. ಎರಡೂ ಸರಿಯಿದ್ದರೆ ದಾರದ ಕೆಲಸ ಮುಗಿಯಿತು. ದಾರ ಹೊರಬರುವ ತೂತಿನ ಅಂಚನ್ನೂ ಬೆರಳಾಡಿಸಿ ನೋಡಿ. ಅಲ್ಲಿ ಸವೆದು ಚೂಪಾದ ಗೀರು ಬಿದ್ದಿದ್ದರೆ ಹೊಸ ದಾರವೂ ಅಲ್ಲೇ ಕೊಯ್ದುಕೊಳ್ಳುತ್ತದೆ. ನುಣ್ಣನೆಯ ಎಮರಿ ಕಾಗದದಿಂದ ತಿಕ್ಕಿ ನಯ ಮಾಡಿ.

ದಾರ ವಾಪಸ್ ಹೋಗದಿದ್ದರೆ

ಸ್ಪ್ರಿಂಗ್ ಮುರಿದಿದೆ ಅಂತ ಮೊದಲೇ ತೀರ್ಮಾನ ಬೇಡ. ಡಬ್ಬಿಯೊಳಗೆ ಎಣ್ಣೆ ಮತ್ತು ಧೂಳು ಸೇರಿ ಅಂಟಾಗಿರುವುದೇ ಹೆಚ್ಚು. ಸ್ಟಾರ್ಟರ್ ಸ್ಕ್ರೂಗಳನ್ನು ಅತಿಯಾಗಿ ಬಿಗಿದು ಡಬ್ಬಿ ಸೊಟ್ಟಗಾಗಿ ಪುಲ್ಲಿ ಒತ್ತಿಕೊಂಡಿರುವುದೂ ಉಂಟು. ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿದಾಗ ದಾರ ಒಳಗೆ ಹೋದರೆ ಕಾರಣ ಅದೇ.

ಹಾಗೆ ಸರಿಹೋಗದಿದ್ದರೆ ಪುಲ್ಲಿ ಎತ್ತಬೇಕು. ಡಬ್ಬಿಯನ್ನು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಎತ್ತಿದರೆ ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಉಳಿಯುತ್ತದೆ. ಎತ್ತುವಾಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ಪ್ರಿಂಗನ್ನು ಕೆಳಕ್ಕೆ ಅದುಮಿ ಹಿಡಿದರೆ ಬಹುಮಟ್ಟಿಗೆ ಡಬ್ಬಿಯಲ್ಲೇ ನಿಲ್ಲುತ್ತದೆ.

ಸ್ಪ್ರಿಂಗ್‌ನ ಎರಡೂ ತುದಿಯ ಕೊಂಡಿ ನೋಡಿ. ಸಾಮಾನ್ಯವಾಗಿ ಹೋಗುವುದು ಪುಲ್ಲಿಗೆ ಸಿಕ್ಕುವ ಒಳಗಿನ ಕೊಂಡಿ. ಬರೀ ಕಳಚಿಕೊಂಡಿದ್ದರೆ ವಾಪಸ್ ಸಿಕ್ಕಿಸಿ. ಬಾಗಿದ್ದರೆ ನೋಸ್ ಪ್ಲೈಯರ್‌ನಿಂದ ಸರಿಮಾಡಿ. ತುಂಡಾಗಿದ್ದರೆ ಹೊಸದು ಹಾಕುವುದೇ ಒಳ್ಳೆಯದು. ಬಿಡಿಭಾಗ ಬರುವವರೆಗೆ ಕಾಯಲಾಗದಿದ್ದರೆ ಒಂದು ಉಪಾಯವಿದೆ: ತುದಿಯ ಒಂದು ಸೆಂಟಿಮೀಟರನ್ನಷ್ಟೇ ಕೆಂಪಗೆ ಕಾಯಿಸಿ, ನೀರಿಗೆ ಅದ್ದದೆ ತಾನಾಗಿ ತಣಿಯಲು ಬಿಡಿ. ಆಗ ಉಕ್ಕು ಮೆತ್ತಗಾಗಿ ಮುರಿಯದೆ ಬಾಗುತ್ತದೆ, ಹೊಸ ಕೊಂಡಿ ಮಾಡಿಕೊಳ್ಳಬಹುದು. ಕಾಯಿಸದೆ ಬಾಗಿಸಿದರೆ ಪಟ್ಟಂತ ಮುರಿಯುತ್ತದೆ. ಇದು ಕೆಲವು ದಿನ ತಳ್ಳುವ ದಾರಿ, ಅದಕ್ಕಿಂತ ಜಾಸ್ತಿ ನೆಚ್ಚಬೇಡಿ.

ಡಬ್ಬಿ, ಸ್ಪ್ರಿಂಗ್ ಎರಡನ್ನೂ ಒರೆಸಿ ಶುಚಿ ಮಾಡಿ. ಹೊರಗಿನ ಕೊಂಡಿಯನ್ನು ಡಬ್ಬಿಯ ಸೀಳಿಗೆ ಸಿಕ್ಕಿಸಿ, ಫೋಟೋದಲ್ಲಿ ಇದ್ದ ದಿಕ್ಕಿಗೇ ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಬನ್ನಿ. ಪ್ರತಿ ಸುತ್ತನ್ನೂ ಹೆಬ್ಬೆರಳಿಂದ ಒತ್ತಿ ಹಿಡಿಯಬೇಕು. ಎರಡು ಮೂರು ಸಲ ಬಿಚ್ಚಿಕೊಂಡರೂ ಬೇಸರ ಬೇಡ, ಕೈಗೆ ಬರುತ್ತದೆ. ಬೆರಳಿಗೆ ಮೆತ್ತಿದಷ್ಟು ಗ್ರೀಸ್ ಸವರಿದರೆ ಸಾಕು. ಗ್ರೀಸ್ ಜಾಸ್ತಿಯಾದರೆ ಧೂಳು ಹಿಡಿಯುವುದಲ್ಲದೆ ನಡುವಿನ ಒನ್-ವೇ ಬೇರಿಂಗ್‌ಗೂ ಹರಡುತ್ತದೆ.

ದಾರ ಬಂದರೂ ಎಂಜಿನ್ ತಿರುಗದಿದ್ದರೆ

ನನ್ನ ಪ್ರಕಾರ ಇಡೀ ಸ್ಟಾರ್ಟರ್‌ನಲ್ಲಿ ಹೆಚ್ಚು ಗಮನ ಕೊಡಬೇಕಾದ ಭಾಗ ಒನ್-ವೇ ಬೇರಿಂಗ್. ಇದರೊಳಗೆ ಸೂಜಿಯಂಥ ಸಣ್ಣ ರೋಲರ್‌ಗಳು ಸಾಲಾಗಿರುತ್ತವೆ. ಪ್ರತಿ ರೋಲರ್ ಕೂತಿರುವ ಜಾಗ ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ಎಳೆದಾಗ ರೋಲರ್ ಇಕ್ಕಟ್ಟಿನ ಕಡೆ ಉರುಳಿ ಶಾಫ್ಟನ್ನು ಅದುಮಿ ಹಿಡಿಯುತ್ತದೆ. ಹಿಡಿತ ಬರುವುದು ಲೋಹಕ್ಕೆ ಲೋಹ ಒತ್ತಿಕೊಳ್ಳುವುದರಿಂದ. ಅಲ್ಲಿ ಸುಟ್ಟ ಎಣ್ಣೆಯ ಜಿಡ್ಡು ಕೂತರೆ ರೋಲರ್ ಉರುಳುವುದೇ ಇಲ್ಲ. ದಪ್ಪ ಗ್ರೀಸ್ ತುಂಬಿದರೂ ಅದೇ ಕತೆ. ಸ್ಲಿಪ್ ಆಗುತ್ತಿದೆ ಅಂತ ಗ್ರೀಸ್ ತುಂಬುವವರನ್ನು ನೋಡಿದ್ದೇನೆ. ಅದರಿಂದ ಸ್ಲಿಪ್ ಇನ್ನೂ ಜಾಸ್ತಿಯೇ ಆಗುತ್ತದೆ.

ಬೇರಿಂಗನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಬ್ರಶ್ ಆಡಿಸಿ, ಶಾಫ್ಟ್ ತೂರಿಸಿ ತಿರುಗಿಸಿ. ದ್ರವ ಕಂದಾಗುವುದು ನಿಂತು ತಿಳಿಯಾಗಿ ಉಳಿಯುವವರೆಗೆ ಇದನ್ನೇ ಮಾಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಇದ್ದರೆ ಕೆಲಸ ಬೇಗ ಆಗುತ್ತದೆ, ಆದರೆ ಕೆಲವು ಸ್ಪ್ರೇಗಳು ಪ್ಲಾಸ್ಟಿಕ್ ತಿನ್ನುತ್ತವೆ. ಬೇರಿಂಗ್ ಪ್ಲಾಸ್ಟಿಕ್ ಪುಲ್ಲಿಯೊಳಗೇ ಕೂತಿದ್ದರೆ ಆಲ್ಕೋಹಾಲೇ ಕ್ಷೇಮ. ಚೆನ್ನಾಗಿ ಒಣಗಿದ ಮೇಲೆ ಹೊಲಿಗೆ ಮಿಷಿನ್ ಎಣ್ಣೆ ಒಂದೇ ಒಂದು ಹನಿ ಹಾಕಿ.

ಈಗ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿ. ರೋಲರ್ ಕೂರುವ ಜಾಗದಲ್ಲಿ ಬರೀ ಬಣ್ಣ ಬದಲಾಗಿ ಹೊಳೆಯುತ್ತಿದ್ದರೆ ತೊಂದರೆಯಿಲ್ಲ. ಉಗುರಿನಿಂದ ಅಡ್ಡಕ್ಕೆ ಗೀಚಿದಾಗ ಗೆರೆಗೆ ಉಗುರು ಸಿಕ್ಕಿಕೊಂಡರೆ ಶಾಫ್ಟ್ ಸವೆದಿದೆ. ಆಗ ಬೇರಿಂಗ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಸವೆದ ಶಾಫ್ಟ್ ಮೇಲೆ ಹೊಸ ಬೇರಿಂಗೂ ಜಾರುತ್ತದೆ. ಎರಡನ್ನೂ ಜೊತೆಗೇ ಹಾಕಿ.

ಪರೀಕ್ಷೆ ಹೀಗೆ: ಶಾಫ್ಟನ್ನು ಬೇರಿಂಗ್‌ಗೆ ತೂರಿಸಿ, ಸ್ಟಾರ್ಟರ್‌ನ ಹೊರಬದಿ ನಿಮ್ಮ ಕಡೆ ಇರುವ ಹಾಗೆ ಹಿಡಿಯಿರಿ. ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸಲೀಸಾಗಿ ತಿರುಗಬೇಕು, ವಿರುದ್ಧ ದಿಕ್ಕಿಗೆ ತಕ್ಷಣ ಕಚ್ಚಬೇಕು. ಶಾಫ್ಟ್‌ಗೆ ಬಟ್ಟೆ ಸುತ್ತಿ ಪ್ಲೈಯರ್‌ನಲ್ಲಿ ಹಿಡಿದು ಬಲವಾಗಿ ತಿರುಚಿ ನೋಡಿ. ಬೆರಳಿನ ಬಲಕ್ಕೆ ಹಿಡಿದು, ಪ್ಲೈಯರ್‌ನ ಬಲಕ್ಕೆ ಜಾರುವ ಬೇರಿಂಗ್ ಗಾಡಿಯಲ್ಲೂ ಜಾರುತ್ತದೆ, ಯಾಕೆಂದರೆ ಪ್ಲಗ್ ಹಾಕಿದ ಮೇಲೆ ಕಂಪ್ರೆಶನ್ (ಪಿಸ್ಟನ್ ಮೇಲೆ ಅದುಮಿದ ಗಾಳಿಯ ತಡೆ) ದಾಟಲು ಅಷ್ಟು ಬಲ ಬೇಕೇ ಬೇಕು. ಎರಡು ದಿಕ್ಕಿಗೂ ಸುಮ್ನೆ ತಿರುಗಿದರೆ ಬೇರಿಂಗ್ ಮುಗಿದಂತೆ. ಕಚ್ಚುವ ದಿಕ್ಕೇ ತಿರುಗುಮುರುಗಾಗಿದ್ದರೆ ಅದನ್ನು ಉಲ್ಟಾ ಕೂರಿಸಿದ್ದೀರಿ, ತೆಗೆದು ಮಗುಚಿ ಹಾಕಿ.

ಜೋಡಿಸುವುದು

ಬ್ಯಾಕ್‌ಪ್ಲೇಟ್ ಹೊರಗೆ ಬಂದಿದ್ದರೆ ಇಲ್ಲಿ ಅವಸರ ಬೇಡ. ಶಾಫ್ಟ್‌ನ ಒಳತುದಿಯ ತಟ್ಟೆಯಲ್ಲಿ ಒಂದು ಸೀಳು ಅಥವಾ ತೂತು ಇರುತ್ತದೆ. ಕ್ರ್ಯಾಂಕ್ ಪಿನ್ನಿನ ತುದಿ ಅದರೊಳಗೆ ಕೂರಬೇಕು. ಬ್ಯಾಕ್‌ಪ್ಲೇಟನ್ನು ಕೈಯಲ್ಲಿ ಹಗುರವಾಗಿ ಒತ್ತಿ ಹಿಡಿದು ಶಾಫ್ಟನ್ನು ಅತ್ತಿತ್ತ ತಿರುಗಿಸಿ. ಪಿನ್ ಸಿಕ್ಕಿದ ಕ್ಷಣ ಪ್ಲೇಟ್ ಪೂರ್ತಿ ಒಳಕ್ಕೆ ಇಳಿಯುತ್ತದೆ. ಸುತ್ತಲೂ ಸಂದಿಲ್ಲದೆ ಕೂತಿದೆಯಾ ನೋಡಿ. ಒಂದು ಕಡೆ ಎದ್ದಿದ್ದರೆ ಸ್ಕ್ರೂ ಬಿಗಿದು ಇಳಿಸಲು ಹೋಗಬೇಡಿ, ಪ್ಲೇಟ್ ಬಿರುಕು ಬಿಡುತ್ತದೆ.

ಆಮೇಲೆ ಬೇರಿಂಗ್, ಅದರ ಮೇಲೆ ಡಬ್ಬಿ. ದಾರವನ್ನು ಸ್ವಲ್ಪ ಎಳೆದಾಡಿದರೆ ಪುಲ್ಲಿ ಬೇರಿಂಗ್ ಮೇಲೆ ಸರಿಯಾಗಿ ಕೂರುತ್ತದೆ. ನಾಲ್ಕೂ ಸ್ಕ್ರೂ ಕೈಯಲ್ಲೇ ಹತ್ತಿಸಿ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನದು, ಅತಿ ಬಲಕ್ಕೆ ಸ್ಕ್ರೂ ತೂತಿನ ಮರೆ (ಥ್ರೆಡ್) ಕಿತ್ತುಬರುತ್ತದೆ.

ಎಂಜಿನ್ ಹೊರಗೆ ತೆಗೆದಿದ್ದರೆ ವಾಪಸ್ ಕೂರಿಸುವಾಗ ಕ್ಲಚ್ ಬೆಲ್ (ಎಂಜಿನ್ ಕಡೆಯ ಹಲ್ಲುಚಕ್ರ) ಮತ್ತು ಸ್ಪರ್ ಗೇರ್ (ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ) ನಡುವೆ ತೆಳ್ಳಗಿನ ಕಾಗದದ ಪಟ್ಟಿ ಇಟ್ಟು ಒತ್ತಿ, ಹಾಗೇ ಮೌಂಟ್ ಸ್ಕ್ರೂ ಬಿಗಿದು, ಕಾಗದ ತೆಗೆಯಿರಿ. ಆ ಸಣ್ಣ ಸಂದು ಬೇಕು. ಮೌಂಟ್ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ ಒಂದೊಂದು ಹನಿ.

ಪ್ಲಗ್ ಹಾಕದೆ ಮೊದಲು ಹತ್ತು ಸಲ ದಾರ ಎಳೆಯಿರಿ. ಪ್ರತಿ ಸಲವೂ ಫ್ಲೈವೀಲ್ ತಿರುಗಬೇಕು, ದಾರ ತಾನಾಗಿ ಒಳಗೆ ಹೋಗಬೇಕು. ಆಮೇಲೆ ಪ್ಲಗ್ ಹಾಕಿ ಕಂಪ್ರೆಶನ್ ಜೊತೆ ಎಳೆದು ನೋಡಿ. ಅದಾದ ಮೇಲೆಯೇ ಇಂಧನ.

ಎಳೆಯುವ ರೀತಿ

ಬೈಕಿನ ಕಿಕ್ಕರ್ ಅಭ್ಯಾಸ ಇರುವವರು ದಾರವನ್ನೂ ಕೊನೆಯವರೆಗೆ ಜೋರಾಗಿ ಜಗ್ಗುತ್ತಾರೆ. ಈ ಚಿಕ್ಕ ಎಂಜಿನ್‌ಗೆ ಅದು ಬೇಡ. 20ರಿಂದ 30 ಸೆಂಟಿಮೀಟರ್ ಸಾಕು, ಸಣ್ಣ ಮತ್ತು ಚುರುಕಾದ ಎಳೆತ. ಮೊದಲು ಮೆಲ್ಲಗೆ ಎಳೆದು ಕಂಪ್ರೆಶನ್ ತಡೆ ಸಿಗುವವರೆಗೆ ತನ್ನಿ, ಅಲ್ಲಿಂದ ಚುರುಕಾಗಿ ಎಳೆಯಿರಿ. ದಾರ ಹೊರಬರುವ ತೂತಿಗೆ ನೇರವಾಗಿ ಎಳೆಯಬೇಕು, ಓರೆಯಾಗಿ ಎಳೆದರೆ ಅಂಚಿಗೆ ಉಜ್ಜಿ ಸವೆಯುತ್ತದೆ. ಹ್ಯಾಂಡಲ್ ಕೈಯಲ್ಲೇ ಹಿಡಿದು ಒಳಗೆ ಬಿಡಿ. ಐದಾರು ಎಳೆತಕ್ಕೆ ಎಂಜಿನ್ ಮಾತಾಡದಿದ್ದರೆ ನಿಲ್ಲಿಸಿ ಪ್ಲಗ್, ಇಗ್ನೈಟರ್ ಚಾರ್ಜ್, ಇಂಧನ ಬರುತ್ತಿದೆಯಾ ನೋಡಿ. ಚೆನ್ನಾಗಿ ಟ್ಯೂನ್ ಆದ ಎಂಜಿನ್‌ಗೆ ಇಪ್ಪತ್ತು ಮೂವತ್ತು ಎಳೆತ ಬೇಕಾಗುವುದೇ ಇಲ್ಲ.

ಓಡಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕೊಳವೆಯಲ್ಲಿ ಉಳಿದ ಇಂಧನ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ ಆಫ್ಟರ್-ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ತಡೆಯಲು ಹಾಕುವ ಎಣ್ಣೆ) ಕೆಲವು ಹನಿ ಪ್ಲಗ್ ತೂತಿಗೆ ಮತ್ತು ಕಾರ್ಬ್ಯುರೇಟರಿಗೆ ಹಾಕಿ ನಾಲ್ಕಾರು ಸಲ ತಿರುಗಿಸಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾರನ್ನು ಮೂರು ತಿಂಗಳು ಹಾಗೇ ಇಟ್ಟರೆ ಎಂಜಿನ್ ಬೇರಿಂಗ್, ಒನ್-ವೇ, ಸ್ಪ್ರಿಂಗ್ ಎಲ್ಲಕ್ಕೂ ತುಕ್ಕು ಗ್ಯಾರಂಟಿ. ಎತ್ತಿಡುವಾಗ ಪಿಸ್ಟನ್ ಕೆಳಗಿರಲಿ. ಒಮ್ಮೆ ಪ್ಲಗ್ ತೂತಿನಿಂದ ನೋಡಿಕೊಂಡು ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಟ್ಟರೆ ಮುಂದೆ ಗುರುತು ನೋಡಿಯೇ ನಿಲ್ಲಿಸಬಹುದು.

ರೋಟೋ ಸ್ಟಾರ್ಟರ್ ಹಾಕಿಸಿಬಿಡಲಾ ಅಂತ ಕೇಳುವವರಿದ್ದಾರೆ. ಬ್ಯಾಟರಿಯ ಕೈಮಿಷಿನ್, ಜೊತೆಗೆ ಅದಕ್ಕೆ ಹೊಂದುವ ಬ್ಯಾಕ್‌ಪ್ಲೇಟ್ ಬೇಕು, ನಿಮ್ಮ ಎಂಜಿನ್‌ಗೆ ಆಗುವುದೇ ಸಿಗಬೇಕು. ಅನುಕೂಲ ನಿಜ, ಕೈನೋವು ತಪ್ಪುತ್ತದೆ. ಆದರೆ ಅದಕ್ಕೂ ಒನ್-ವೇ ಬೇರಿಂಗ್ ಇದ್ದೇ ಇರುತ್ತದೆ, ಅದೂ ಸವೆಯುತ್ತದೆ. ಇನ್ನೊಂದು ಅಪಾಯ: ಫ್ಲಡ್ ಆದ ಎಂಜಿನ್ನಿನ ತಡೆ ದಾರ ಎಳೆಯುವ ಕೈಗೆ ಗೊತ್ತಾಗುತ್ತದೆ, ಮೋಟಾರ್‌ಗೆ ಗೊತ್ತಾಗುವುದಿಲ್ಲ. ಅದು ತಳ್ಳುತ್ತಲೇ ಇರುತ್ತದೆ, ರಾಡ್ ಬಾಗುತ್ತದೆ. ರೋಟೋ ಹಾಕಿಸಿದರೂ ತಡೆ ಸಿಕ್ಕಿದ ಕೂಡಲೇ ಗುಂಡಿ ಬಿಟ್ಟು ಪ್ಲಗ್ ತೆಗೆಯಬೇಕು. ಡಬ್ಬಿಯೇ ಬಿರುಕು ಬಿಟ್ಟಿದ್ದರೆ ಅಥವಾ ಪುಲ್ಲಿಯಲ್ಲಿ ಬೇರಿಂಗ್ ಕೂರುವ ಜಾಗ ಸವೆದಿದ್ದರೆ ಪೂರ್ತಿ ಸ್ಟಾರ್ಟರ್ ಸೆಟ್ಟೇ ಕೊಳ್ಳಿ, ಬಿಡಿ ಬಿಡಿಯಾಗಿ ಹುಡುಕುವ ತಾಪತ್ರಯ ಬೇಡ. ಕೊಳ್ಳುವ ಮುಂಚೆ ಸ್ಕ್ರೂ ತೂತುಗಳ ನಡುವಿನ ಅಂತರ, ಶಾಫ್ಟ್‌ನ ದಪ್ಪ ಎರಡನ್ನೂ ಅಳೆದಿಟ್ಟುಕೊಳ್ಳಿ. ನೋಡಲು ಒಂದೇ ಥರ ಇರುವ ಸೆಟ್‌ಗಳು ಅಳತೆಯಲ್ಲಿ ಬೇರೆ ಬೇರೆ ಇರುತ್ತವೆ.

ರಿಪೇರಿ ಆದ ಮೇಲಿನ ಮೊದಲ ಟ್ಯಾಂಕ್ ಓಡಿಸುವಾಗ ಥ್ರಾಟಲ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ಹಾಗೇ ಕೂಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಬ್ಯಾಕ್‌ಪ್ಲೇಟ್ ಅಂಚಿನಲ್ಲಿ ಎಣ್ಣೆಯ ಒದ್ದೆ ಗೆರೆ ಕಂಡರೆ ಗಾಳಿ ಸೋರುತ್ತಿರುವುದು ಅಲ್ಲೇ. ಹಾಗೇನೂ ಇಲ್ಲದಿದ್ದರೆ ಟ್ಯಾಂಕ್ ಮುಗಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಟಾರ್ಟರ್‌ನ ನಾಲ್ಕೂ ಸ್ಕ್ರೂಗಳಿಗೆ ಅಲೆನ್ ಕೀ ಹಾಕಿ ನೋಡಿ. ಬಿಸಿಯಾಗಿ ತಣಿದಾಗ ಒಂದೆರಡು ಸಡಿಲವಾಗಿರುವುದುಂಟು.